ನರಗುಂದ ‘ವಿಲೀನ’ವಾಯಿತೋ, ‘ಖಾಲಸಾ’ ಆಯಿತೋ?

ಮುಂಬೈ ಕರ್ನಾಟಕದ ಸಣ್ಣ ಸಂಸ್ಥಾನಗಳ ಬಗ್ಗೆ ಒಂದು ಲೇಖನ ತಿದ್ದುತ್ತಿದ್ದೇನೆ. ‘1858ರಲ್ಲಿ ನರಗುಂದ ಬ್ರಿಟಿಷ್ ಆಡಳಿತದಲ್ಲಿ ವಿಲೀನವಾಯಿತು’ ಎಂದಿದೆ. ಮುಂದೆ ‘1948ರಲ್ಲಿ ರಾಮದುರ್ಗ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು’ ಎಂದೂ ಇದೆ. ಎರಡೂ ಭಾವೆ ಮನೆತನದವರ ಸಂಸ್ಥಾನಗಳೇ ಸರಿ, ಆದರೆ ಎರಡಕ್ಕೂ ಒಂದೇ ಕ್ರಿಯಾಪದವೇ?

ರಾಮದುರ್ಗದ್ದು ಸ್ವಾತಂತ್ರ್ಯ ಬಂದ ಮೇಲೆ ಕಾಗದಪತ್ರದಲ್ಲಿ ಮುಗಿದ ವ್ಯವಹಾರ. ನರಗುಂದದ್ದು ಹಾಗಲ್ಲ. ಅಲ್ಲಿಯ ಅರಸ ಬಾಬಾಸಾಹೇಬ ಭಾಸ್ಕರರಾಯರು ದತ್ತಕಕ್ಕೆ ಅನುಮತಿ ಕೇಳಿದರು, ಕಂಪನಿ ಕೊಡಲಿಲ್ಲ. ಅದರ ಮೇಲೆ ಹತ್ಯಾರ ಒಪ್ಪಿಸಿ ಎಂಬ ಹುಕುಂ ಬೇರೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬಿಡಾರ ಹೂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ರುಂಡ ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿ, ಸಂಸ್ಥಾನವನ್ನು ಸರಕಾರ ನುಂಗಿತು. ಇದಕ್ಕೆ ‘ವಿಲೀನ’ ಅಂದರೆ ಹಾಲಿಗೆ ಸಕ್ಕರೆ ಕರಗಿದ ಹಾಗೆ ಕೇಳಿಸುತ್ತದೆ.

ನನಗೆ ಸರಿ ಎನಿಸುವುದು ‘ಖಾಲಸಾ’. ಮೊಗಲರ ಕಂದಾಯ ಲೆಕ್ಕದಲ್ಲಿ, ನಡುವೆ ಜಹಗೀರುದಾರನಿಲ್ಲದೆ ಹುಟ್ಟುವಳಿ ನೇರ ಬೊಕ್ಕಸಕ್ಕೆ ಬರುವ ಜಮೀನು ಖಾಲಸಾ. ಮರಾಠಿಯಲ್ಲಿ ‘ಸಂಸ್ಥಾನ ಖಾಲಸಾ ಕೇಲೆ’ ಅಂದರೆ ಸರಕಾರ ಅದನ್ನು ಕಿತ್ತುಕೊಂಡಿತು ಎಂದೇ ಅರ್ಥ. ಡಾಲ್‌ಹೌಸಿ ಸಾತಾರಾ, ಝಾನ್ಸಿ, ನಾಗಪುರಗಳನ್ನು ಮಾಡಿದ್ದೂ ಅದನ್ನೇ. ‘ಖಾಲಿ’ಗೂ ಇದಕ್ಕೂ ನಂಟಿಲ್ಲ, ‘ಅಪ್ಪಟ, ಬೆರಕೆಯಿಲ್ಲದ್ದು’ ಎಂಬರ್ಥದ ಅರಬ್ಬಿ ‘ಖಾಲಿಸ್’ ಇದರ ಮೂಲ. ಸಿಖ್ಖರ ಖಾಲ್ಸಾ ಬಂದದ್ದೂ ಅಲ್ಲಿಂದಲೇ. ನಮ್ಮ ಕೋರ್ಟಿನ ‘ಖುಲಾಸೆ’, ಆಡುಮಾತಿನ ‘ಖಲಾಸ್’ ಕೂಡ ಅದೇ ಬಳಗದವು. ದಫ್ತರದ ಗುಮಾಸ್ತನಿಗೆ ‘ಅಪ್ಪಟ’ವಾದದ್ದು ಸಂಸ್ಥಾನಿಕನಿಗೆ ಖಲಾಸ್!

‘ಮುಟ್ಟುಗೋಲು’ ಹಾಕಿ ನೋಡಿದೆ. ಅದು ಸಾಲಗಾರನ ಮನೆ, ಎತ್ತು, ಗಾಡಿಗೆ ಒಪ್ಪುವ ಮಾತು; ಸಂಸ್ಥಾನಕ್ಕೆ ಹಗುರ. ‘ವಶ’ ಅಂದರೆ ಕೋಟೆ ಗೆದ್ದದ್ದಷ್ಟೇ ಆಯಿತು, ಅರಸೊತ್ತಿಗೆ ಹೋದದ್ದು ಬರುವುದಿಲ್ಲ.

ತೊಡಕು ಒಂದೇ. ಹಳೆ ಮೈಸೂರಿನ ಓದುಗರಿಗೆ ಈ ಪದ ತಟ್ಟನೆ ಹೊಳೆಯುತ್ತದೆಯೇ? ಜಮಖಂಡಿ, ಮುಧೋಳ, ಸವಣೂರು ಕಡೆಯವರು ಮನೆಯ ಹಿರಿಯರ ಬಾಯಲ್ಲಿ ‘ಖಾಲಸಾ ಊರು’, ‘ಖಾಲಸಾ ಆತು’ ಎಂಬ ಬಳಕೆ ಕೇಳಿದ್ದರೆ ತಿಳಿಸಿ. ಮನೆಯ ಹಳೆಯ ಪತ್ರಗಳಲ್ಲಿ ಖಾಲಸಾ, ಖಾಲ್ಸಾ, ಖಾಲಸೆ ಇವುಗಳಲ್ಲಿ ಯಾವ ರೂಪ ಕಂಡಿದ್ದೀರಿ ಎಂಬುದನ್ನೂ ಬರೆದರೆ ಉಪಕಾರ.