ಮಾವನಿಗೆ ಮೂಗುದಾರ

(ಕ್ಯಾತ್ಸಂದ್ರದ ಹೋಟ್ಲು. ತಟ್ಟೆ ಇಡ್ಲಿ ಮುಗಿದಿದೆ, ಕಾಫಿ ಇನ್ನೂ ಬಂದಿಲ್ಲ.)

ಸೀನ: ಒಂದೊಂದು ಫೋಟೋಗೂ ನಾಲ್ಕು ಬೈ ಐದು ಇಂಚಿನ ಒಂದೊಂದು ಬಿಡಿ ಶೀಟ್ ಫಿಲ್ಮ್ ಹಾಕೋ ಕ್ಯಾಮೆರಾ ತಗೋತಾ ಇದೀನಿ ಕಣ್ರೋ. ಮೊದಲು ನಮ್ಮ ಮಾವಂದೇ ಪೋರ್ಟ್ರೇಟ್.

ಸುಧಾ: ಮಾವ ಅರ್ಧ ನಿಮಿಷ ಅಲ್ಲಾಡ್ದೆ ಕೂರ್ತಾರಾ?

ಸೀನ: ನಿದ್ದೇಲೂ ಕಾಲು ಅಲ್ಲಾಡಿಸ್ತಾರೆ.

ಸುಧಾ: ಹಂಗಾದ್ರೆ ಮೊದಲು ಗಟ್ಟಿ ಕುರ್ಚಿ ನೋಡು. ಕ್ಯಾಮೆರಾ ಆಮೇಲೆ.

ರಂಗ: ಗ್ರೌಂಡ್ ಗ್ಲಾಸಲ್ಲಿ, ಅದೇ ಹಿಂದೆ ಫೋಕಸ್ ನೋಡೋ ಮಸುಕು ಗಾಜಲ್ಲಿ, ಎಲ್ಲಾ ತಲೆಕೆಳಗೆ ಕಾಣುತ್ತಂತಲ್ಲ. ಮಾವನ್ನ ಹಂಗೆ ನೋಡೋ ಭಾಗ್ಯ ಯಾವ ಅಳಿಯನಿಗುಂಟು!

ಮೇಷ್ಟ್ರು: ಲೆನ್ಸ್ ಯಾವುದಪ್ಪಾ?

ಸೀನ: 150 ಎಂಎಂ ಅಗ್ಗಕ್ಕೆ ಸಿಗ್ತಿದೆ.

ಸುಧಾ: ಅದು ಈ ಸೈಜಿಗೆ ನಾರ್ಮಲ್ಲು. ಮುಖ ತುಂಬಿಸೋಕೆ ಹತ್ರ ಹೋದ್ರೆ ಮೂಗು ಮುಂದಕ್ಕೆ ಬರುತ್ತೆ. 210 ಎಂಎಂ, ಎಫ್ 5.6 ತಗೋ. ಎಫ್ ಅಂದ್ರೆ ಬೆಳಕು ಬರೋ ತೂತಿನ (ಅಪರ್ಚರ್) ಅಳತೆ, ನಂಬರ್ ಹೆಚ್ಚಾದಷ್ಟೂ ತೂತು ಚಿಕ್ಕದು. ಆದ್ರೆ ಲೆಕ್ಕ ಕೇಳು: ತಲೆ, ಭುಜ ಸೇರಿ ಉದ್ದಕ್ಕೆ 60 ಸೆಂ.ಮೀ. ಫ್ರೇಮಿಗೆ ಬಂತು ಅಂದ್ಕೋ. ಎಫ್ 5.6ರಲ್ಲಿ ಶಾರ್ಪ್ ಸಿಗೋದು ಮೂರು ಸೆಂ.ಮೀ. ಚಿಲ್ಲರೆ ಅಷ್ಟೇ. ಕಣ್ಣಿಗೆ ಫೋಕಸ್ ಇಟ್ರೆ ಕಿವಿ ಹೋಯ್ತು.

ರಂಗ: ಮಾವನ ಕಿವಿ ಹೋಗಿ ವರ್ಷಗಳೇ ಆಯ್ತು.

ಸುಧಾ: ಎಫ್ 11ಕ್ಕೆ ಇಳಿಸಿದ್ರೆ ಆರೇಳು ಸೆಂ.ಮೀ. ಸಿಗುತ್ತೆ. ಅಷ್ಟರೊಳಗೆ ಅವರ ತಲೆ ಇರ್ಬೇಕು. ನಿಜವಾದ ತಲೆನೋವು ಇರೋದು ಫೋಕಸ್ ಆದ್ಮೇಲೆ. ಶಟರ್ ಮುಚ್ಚು, ಅಪರ್ಚರ್ ಇಳ್ಸು, ಶಟರಿನ ಸ್ಪ್ರಿಂಗ್ ಎಳೆದು ಕಾಕ್ ಮಾಡು, ಫಿಲ್ಮ್ ಇರೋ ಹೋಲ್ಡರ್ ತೂರ್ಸು, ಅದರ ಮುಚ್ಚಳ ಡಾರ್ಕ್ ಸ್ಲೈಡ್ ಎಳಿ, ಆಮೇಲೆ ಕ್ಲಿಕ್. ಶಟರ್ ಮುಚ್ಚಿದ ಗಳಿಗೆಯಿಂದ ಗಾಜಿನ ಮೇಲೆ ಏನೂ ಕಾಣಲ್ಲ. ಅಷ್ಟರಲ್ಲಿ ಮಾವ "ಆಯ್ತೇನಪ್ಪಾ" ಅಂತ ಮುಂದೆ ಬಾಗಿದ್ರೆ ನೆಗೆಟಿವ್‌ನಲ್ಲಿ ಕುರ್ಚಿ ಬೆನ್ನು ಸೊಗಸಾಗಿ ಬಂದಿರುತ್ತೆ.

ಮೇಷ್ಟ್ರು: ಶಟರ್ ಮುಚ್ಚದೇ ಸ್ಲೈಡ್ ಎಳೆದ್ರೋ, ಶೀಟ್ ಪೂರ್ತಿ ಕರಿ.

ಸೀನ: ತಲೆ ನಿಲ್ಸೋದು ಹೆಂಗೆ?

ಮೇಷ್ಟ್ರು: ಹಳೇ ಸ್ಟುಡಿಯೋಗಳಲ್ಲಿ ತಲೆ ಹಿಂದೆ ಕಬ್ಬಿಣದ ಆನಿಕೆ ಇಡ್ತಿದ್ರು. ನೀನು ಲೈಟ್ ಸ್ಟ್ಯಾಂಡಿಗೆ ಬಟ್ಟೆ ಸುತ್ತಿ ಹಿಂದಲೆಗೆ ತಾಗೋ ಹಂಗೆ ನಿಲ್ಸು, ಫ್ರೇಮಲ್ಲಿ ಕಾಣ್ಬಾರ್ದು.

ಸುಧಾ: ಜೊತೆಗೆ ಟ್ರೈಪಾಡಿಗೊಂದು ದಾರ ಕಟ್ಟು. ಫೋಕಸ್ ಮಾಡಿದಾಗ ಅದು ಬಿಗಿಯಾಗಿ ಕಣ್ಣಿನ ಪಕ್ಕ ಎಲ್ಲಿ ಬರುತ್ತೋ ಅಲ್ಲಿ ಗಂಟು ಹಾಕು. ಕ್ಲಿಕ್ ಮಾಡೋ ಮುಂಚೆ ಗಂಟು ಹಿಡಿದು ನೋಡಿ, ದಾರ ಬಿಟ್ಟು ಒತ್ತು.

ರಂಗ: ಅಂದ್ರೆ ಮಾವನಿಗೆ ಮೂಗುದಾರ! ಇಷ್ಟು ದಿನ ಅತ್ತೆ ಹಿಡಿದಿದ್ರು, ಇನ್ಮೇಲೆ ಅಳಿಯ.

ಸುಧಾ: ಅತ್ತೆನ ಲೆನ್ಸ್ ಪಕ್ಕ ನಿಲ್ಸು. ನೋಟವೂ ನಿಲ್ಲುತ್ತೆ.

ಮೇಷ್ಟ್ರು: ಬೆಲ್ಲೋಸ್, ಅದೇ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ, ಅದರ ಲೆಕ್ಕ ಹೇಳ್ಬಿಡಮ್ಮ.

ಸುಧಾ: ಇಷ್ಟು ಹತ್ರಕ್ಕೆ 210ರ ಲೆನ್ಸು ಫಿಲ್ಮಿಂದ ಸುಮಾರು 252 ಎಂಎಂ ದೂರ ಬರುತ್ತೆ. 252ನ 210ರಿಂದ ಭಾಗಿಸಿ ವರ್ಗ ಮಾಡಿದ್ರೆ 1.44, ಅಂದ್ರೆ ಅರ್ಧ ಸ್ಟಾಪ್ ಬೆಳಕು ಕಮ್ಮಿ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ). ಬೆಳಕಿನ ಮೀಟರ್ ಎಫ್ 11 ಅಂದ್ರೆ 8ಕ್ಕೂ 11ಕ್ಕೂ ನಡುವೆ ಇಡು. ಬರೀ ಮುಖ ಅಂತ 30 ಸೆಂ.ಮೀ.ಗೆ ಹೋದ್ರೆ ಪೂರ್ತಿ ಒಂದು ಸ್ಟಾಪ್.

ರಂಗ: ಟೈಲರ್ ಟೇಪೂ ಬೇಕು ಅನ್ನು.

ಸುಧಾ: ಬೇಕೇ ಬೇಕು.

ಸೀನ: ಫಿಲ್ಮ್ ಲೋಡ್ ಮಾಡೋದು?

ಮೇಷ್ಟ್ರು: ರಾತ್ರಿ ಬಚ್ಚಲುಮನೇಲಿ. ಬೇಸಿಗೇಲಿ ಚೇಂಜಿಂಗ್ ಬ್ಯಾಗಿಗೆ, ಅದೇ ಬೆಳಕು ತೂರದ ಚೀಲಕ್ಕೆ, ಕೈ ಹಾಕಿದ್ರೆ ಬೆವರಿಗೆ ಶೀಟ್ ಅಂಟಿಕೊಳ್ಳುತ್ತೆ.

ರಂಗ: ಕರೆಂಟ್ ಹೋದಾಗ ಮಾಡಿದ್ರಾಯ್ತಪ್ಪ.

ಮೇಷ್ಟ್ರು: ಸ್ವಿಚ್ ಆಫ್ ಮಾಡ್ಕೊಂಡಿರು. ಎಮಲ್ಷನ್, ಅಂದ್ರೆ ಬೆಳಕು ಹಿಡಿಯೋ ಲೇಪ, ಮೇಲಿದ್ದಾಗಲೇ ಕರೆಂಟ್ ಬರೋದು.

ಸುಧಾ: ಶೀಟಿನ ಒಂದು ಮೂಲೇಲಿ ಕಚ್ಚು ಇರುತ್ತೆ. ಶೀಟ್ ಉದ್ದಕ್ಕೆ ಹಿಡಿದಾಗ ಕಚ್ಚು ಬಲ ಮೇಲ್ಮೂಲೇಲಿ ಸಿಕ್ರೆ ಎಮಲ್ಷನ್ ನಿನ್ನ ಕಡೆ ಇದೆ. ಡಾರ್ಕ್ ಸ್ಲೈಡಿನ ಬಿಳಿ ಅಂಚು ಹೊರಗಿದ್ರೆ ಹೊಸದು, ಕರಿ ಅಂಚಿದ್ರೆ ಫೋಟೋ ತೆಗೆದಾಗಿದೆ. ಕ್ಲಿಕ್ ಆದ್ಮೇಲೆ ಸ್ಲೈಡ್ ತಿರುಗಿಸೋದು ಮರೆತ್ರೆ ಒಂದೇ ಶೀಟಲ್ಲಿ ಮಾವನೂ ಅತ್ತೆನೂ ಸೇರ್ಕೋತಾರೆ.

ಸೀನ: ಕೈ ಪಳಗೋಕೆ ದುಬಾರಿ ಫಿಲ್ಮೇ ಬೇಕಾ?

ಮೇಷ್ಟ್ರು: ಗ್ರೀನ್ ಸೆನ್ಸಿಟಿವ್, ಅಂದ್ರೆ ಹಸಿರು ಬೆಳಕು ಹಿಡಿಯೋ, ಎಕ್ಸ್‌ರೇ ಫಿಲ್ಮ್, ಎಂಟು ಬೈ ಹತ್ತು. ಮಂದ ಕೆಂಪು ದೀಪದಲ್ಲಿ ನಾಲ್ಕಾಗಿ ಕತ್ತರಿಸು, ಅಂಚು ಒಂದೆರಡು ಎಂಎಂ ಸವರು, ಇಲ್ದಿದ್ರೆ ಹೋಲ್ಡರಿಗೆ ಹೋಗಲ್ಲ. ಸಾಮಾನ್ಯವಾಗಿ ಎರಡೂ ಕಡೆ ಎಮಲ್ಷನ್, ಉಗುರು ತಾಗಿದ್ರೂ ಗೀರು. ಕೆಂಪು ಬಣ್ಣ ಅದಕ್ಕೆ ಕಾಣಲ್ಲ, ತುಟಿ ಕಪ್ಪಾಗಿ ಬರುತ್ತೆ.

ರಂಗ: ಎಲೆ ಅಡಿಕೆ ಹಾಕಿದ್ರಂತೂ ಕಥೆ ಮುಗೀತು.

ಸುಧಾ: ಆಮೇಲೆ ಎಚ್‌ಪಿ5 ಅನ್ನೋ ಕಪ್ಪುಬಿಳುಪು ಫಿಲ್ಮ್ ತಗೋ. ಡೆವಲಪರ್ ಐಡಿ-11, ಒಂದಕ್ಕೊಂದು ನೀರು, 20 ಡಿಗ್ರೀಲಿ 13 ನಿಮಿಷ. ನಮ್ಮ ನಲ್ಲಿ ನೀರು ಏಪ್ರಿಲ್‌ನಲ್ಲಿ ಕೈಗೇ ಬೆಚ್ಚಗಿರುತ್ತೆ. 24ಕ್ಕಿಂತ ಕೆಳಗೆ ಇಳೀಲೇ ಇಲ್ಲ ಅಂದ್ರೆ ಸುಮಾರು 9 ನಿಮಿಷಕ್ಕೆ ನಿಲ್ಸು.

ಸೀನ: ಡೆವಲಪರಿಗೆ ಐಸ್ ಹಾಕಿಬಿಡ್ಲಾ?

ಸುಧಾ: ಕರಗಿ ತೆಳ್ಳಗಾಗುತ್ತಲ್ಲೋ! ಹೊರಗಿನ ಟಬ್ಬಿಗೆ ಹಾಕು, ಬಾಟ್ಲು ಅದರೊಳಗಿಡು. ಚಿತ್ರ ಅಳಿಯದಂಗೆ ನಿಲ್ಸೋ ಫಿಕ್ಸರನ್ನೂ ಅಲ್ಲೇ ಇಡು.

ರಂಗ: ಟಬ್ಬು, ಐಸು, ಬಾಟ್ಲು... ಈಗ ಅರ್ಥ ಆಯ್ತು ನೋಡು. ನಾನೂ ಬರ್ತೀನಿ!