ಟೈಪ್ ಮಾಡುವಾಗ ಕರ್ಸರ್ ಎಲ್ಲೆಲ್ಲೋ ಹಾರುತ್ತಿದೆ, ಟಚ್‌ಪ್ಯಾಡ್ ಸೆಟ್ಟಿಂಗ್‌ನಲ್ಲಿ ಏನು ಬದಲಾಯಿಸಬೇಕು?

ಪ್ರಶ್ನೆ:
ವಿಂಡೋಸ್ 11 ಲ್ಯಾಪ್‌ಟಾಪ್. ಟೈಪ್ ಮಾಡ್ತಾ ಇರುವಾಗ ಕರ್ಸರ್ ಇದ್ದಕ್ಕಿದ್ದಂತೆ ಮೇಲಿನ ಯಾವುದೋ ಸಾಲಿಗೆ ಹಾರುತ್ತದೆ, ನಾನು ನೋಡದೆ ಬರೆಯುತ್ತಲೇ ಹೋಗಿರ್ತೀನಿ, ತಲೆ ಎತ್ತಿ ನೋಡಿದರೆ ಅರ್ಧ ವಾಕ್ಯ ಬೇರೆ ಪ್ಯಾರಾ ಒಳಗೆ ಕೂತಿರುತ್ತದೆ. ಕರ್ಸರ್ ಸ್ಪೀಡ್ ತುಂಬಾ ಇಳಿಸಿ ನೋಡಿದೆ. ಹಾರುವುದು ನಿಂತಿಲ್ಲ, ಮೌಸ್ ಬಾಣ ಆಮೆ ಆಯಿತು ಅಷ್ಟೇ.

ಉತ್ತರ 1:
ಸ್ಪೀಡ್ ಬೇರೆ, ಸೆನ್ಸಿಟಿವಿಟಿ (ಪ್ಯಾಡ್‌ಗೆ ತಾಗಿದ್ದನ್ನು ಎಷ್ಟು ಸುಲಭವಾಗಿ ಟ್ಯಾಪ್ ಅಂತ ಎಣಿಸುತ್ತದೆ ಅನ್ನುವುದು) ಬೇರೆ. ಬೆರಳು ಸರಿಸಿದಾಗ ಬಾಣ ಎಷ್ಟು ದೂರ ಹೋಗಬೇಕು ಅನ್ನುವುದು ಸ್ಪೀಡ್. ಅದನ್ನು ಮೊದಲಿದ್ದಲ್ಲಿಗೇ ತನ್ನಿ. ನಿಮಗೆ ಆಗುತ್ತಿರುವುದು ಹೆಬ್ಬೆರಳಿನ ಬುಡವೋ ಅಂಗೈಯೋ ಪ್ಯಾಡ್‌ಗೆ ತಾಗಿ, ಅದು ಟ್ಯಾಪ್ ಅಂತ ಲೆಕ್ಕವಾಗುತ್ತಿರುವುದು. ಸೆಟ್ಟಿಂಗ್ಸ್ > ಬ್ಲೂಟೂತ್ ಅಂಡ್ ಡಿವೈಸಸ್ > ಟಚ್‌ಪ್ಯಾಡ್ > ಟ್ಯಾಪ್ಸ್ ತೆರೆಯಿರಿ. ಅಲ್ಲಿ ಸೆನ್ಸಿಟಿವಿಟಿಗೆ 4 ಹಂತ ಇವೆ, ಸಾಮಾನ್ಯವಾಗಿ ಮೀಡಿಯಂ ಇರುತ್ತದೆ. ಲೋ ಮಾಡಿ.

ಉತ್ತರ 2:
ನಾನಂತೂ ಅದೇ ಪಟ್ಟಿಯಲ್ಲಿರುವ ‘ಒಂದು ಬೆರಳಿನ ಟ್ಯಾಪ್‌ಗೆ ಕ್ಲಿಕ್’ ಅನ್ನುವುದರ ಟಿಕ್ಕನ್ನೇ ತೆಗೆದುಬಿಟ್ಟೆ. ಪ್ಯಾಡ್ ಒತ್ತಿದರೆ ಮಾತ್ರ ಕ್ಲಿಕ್. ಎರಡು ದಿನ ಕಿರಿಕಿರಿ, ಆಮೇಲೆ ನೆನಪೂ ಇರುವುದಿಲ್ಲ. ಮೌಸ್ ಬಳಸುವವರಾದರೆ, ಮೌಸ್ ಹಾಕಿದಾಗ ಟಚ್‌ಪ್ಯಾಡ್ ಆಫ್ ಆಗುವ ಹಾಗೂ ಇಡಬಹುದು.

ಪ್ರಶ್ನೆ ಕೇಳಿದವರು:
ಲೋ ಮಾಡಿದೆ. ಟೈಪಿಂಗ್ ಈಗ ಸರಿಯಾಗಿದೆ! ಆದರೆ ಇನ್ನೊಂದು ವಿಚಿತ್ರ ಇದೆ. ಪ್ಯಾಡ್ ಮೇಲೆ ಬೆರಳಿಟ್ಟು ಅಲ್ಲಾಡಿಸದೆ ಇದ್ದರೂ ಬಾಣ ಸಣ್ಣಗೆ ನಡುಗುತ್ತದೆ. ಯಾವಾಗಲೂ ಅಲ್ಲ.

ಉತ್ತರ 3:
ಚಾರ್ಜರ್ ಹಾಕಿದ್ದಾಗ ಮಾತ್ರನಾ? ಟಚ್‌ಪ್ಯಾಡ್ ಬೆರಳಿನ ಒತ್ತಡ ನೋಡಿ ಕೆಲಸ ಮಾಡುವುದಲ್ಲ, ಬೆರಳು ಹತ್ತಿರ ಬಂದಾಗ ಬದಲಾಗುವ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಅಳೆಯುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ, ಅಥವಾ ಚಾರ್ಜರ್ ಕಳಪೆಯಾಗಿದ್ದರೆ, ಆ ಅಳತೆ ಏರುಪೇರಾಗುತ್ತದೆ. ಸುಮ್ನೆ ಡ್ರೈವರ್ (ಟಚ್‌ಪ್ಯಾಡ್ ನಡೆಸುವ ಸಾಫ್ಟ್‌ವೇರ್) ಕಿತ್ತು ಹಾಕುವ ಮೊದಲು ಪ್ಲಗ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಕೈ ಬೆವರಿದ್ದರೂ ಹೀಗಾಗುತ್ತದೆ, ಒಣ ಬಟ್ಟೆಯಿಂದ ಒರೆಸಿ. ಹಾಗೇ ಪ್ಯಾಡ್ ಒಂದು ಕಡೆ ಉಬ್ಬಿದೆಯಾ, ಕ್ಲಿಕ್ ಗಟ್ಟಿಯಾಗಿದೆಯಾ ಅಂತಲೂ ನೋಡಿ. ಉಬ್ಬಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು, ಆಗ ಸೆಟ್ಟಿಂಗ್ ಮಾತೇ ಬೇಡ, ಆಫ್ ಮಾಡಿ ರಿಪೇರಿಗೆ ಕೊಡಿ.

ಪ್ರಶ್ನೆ ಕೇಳಿದವರು:
ಉಬ್ಬಿಲ್ಲ, ಪುಣ್ಯ. ಪ್ಲಗ್ ತೆಗೆದ ತಕ್ಷಣ ನಡುಕ ನಿಂತಿತು! ಬೇರೆ ಸಾಕೆಟ್‌ನಲ್ಲಿ ಹಾಕಿದರೆ ಸ್ವಲ್ಪವೂ ಇಲ್ಲ. ಒಂದೇ ತಕರಾರು: ಟೈಪ್ ಮಾಡಿ ಕೂಡಲೇ ಟ್ಯಾಪ್ ಮಾಡಿದರೆ ತಗೊಳ್ಳುವುದಿಲ್ಲ.

ಉತ್ತರ 1:
ಅದು ಲೋ ಹಂತದ ಗುಣವೇ. ಕೀ ಒತ್ತಿದ ಮೇಲೆ ಸ್ವಲ್ಪ ಹೊತ್ತು ಟ್ಯಾಪ್ ಕಡೆಗಣಿಸುತ್ತದೆ. ತಡೆಯಲಾಗದಿದ್ದರೆ ಮೀಡಿಯಂ ಮಾಡಿ, ಟ್ಯಾಪ್ ಆಫ್ ಮಾಡಿ, ಪ್ಯಾಡ್ ಒತ್ತಿಯೇ ಕ್ಲಿಕ್ ಮಾಡಿ.