ಕ್ಯಾಮೆರಾದ ವೈರ್ ಬಿಡು, ಕಾರ್ಡ್ ತೆಗೆ

ಅಳಿಯ, ಅತ್ತೆ ಮಾತನಾಡುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಗಾಬರಿಯಾಗಬೇಡ, ಅಡುಗೆಮನೆಯಲ್ಲೇ ನಿಂತಿದ್ದೇನೆ. ಗೃಹಪ್ರವೇಶದ 900 ಫೋಟೊ ಕ್ಯಾಮೆರಾದಿಂದ ಇಳಿಯಲು ಒಂದು ಗಂಟೆ ಹಿಡಿಯಿತು, ಹೊಸ ಲ್ಯಾಪ್‌ಟಾಪ್ ಕೊಳ್ಳಲೇ ಎಂದು ರಾತ್ರಿ ಗುಂಪಿನಲ್ಲಿ ಕೇಳಿದ್ದೆಯಲ್ಲ. ನಿನ್ನ ಮಾವ ಆಗಲೇ ಹೆಬ್ಬೆರಳು ಎತ್ತಿಬಿಟ್ಟಿದ್ದಾರೆ. ಅವರಿಗೇನು, ದುಡ್ಡು ಅವರದಲ್ಲ. ಕೊಳ್ಳಬೇಡ.

ತೊಂದರೆ ಇರುವುದು ಕ್ಯಾಮೆರಾದಲ್ಲಿ. ಅದು ನಿನ್ನ ಅಪ್ಪನ ಕಾಲದ್ದು, ಅದರಲ್ಲಿರುವುದು ಯುಎಸ್‌ಬಿ 2.0 ಎಂಬ ಹಳೆಯ, ನಿಧಾನದ ವೈರ್ ಸಂಪರ್ಕ. ಲೆಕ್ಕದಲ್ಲಿ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಕೈಗೆ ಸಿಗುವುದು ಹೆಚ್ಚೆಂದರೆ 40. ಅದೂ ಸಿಗುವುದಿಲ್ಲ, ಏಕೆಂದರೆ ಒಂದೊಂದು ಫೈಲನ್ನೂ ಕ್ಯಾಮೆರಾ ತಾನೇ ಓದಿ ಎತ್ತಿ ಕೊಡಬೇಕು. ಉಗ್ರಾಣದ ತುಂಬ ಅಕ್ಕಿಯಿದ್ದರೂ ಬಾಗಿಲಲ್ಲಿ ಒಬ್ಬ ಮುದುಕ ಕುಳಿತು ಪಾವಿನಲ್ಲಿ ಅಳೆದು ಕೊಡುತ್ತಿದ್ದರೆ ಹೇಗೋ ಹಾಗೆ. ನಿನ್ನ 900 ಫೋಟೊ ಸೇರಿ 30 ಜಿಬಿ, ಅದಕ್ಕೆ ಒಂದು ಗಂಟೆ ಎಂದರೆ ಸೆಕೆಂಡಿಗೆ 8 ಮೆಗಾಬೈಟ್ ಅಷ್ಟೇ. ವೈಫೈಯಲ್ಲಿ ಕಳುಹಿಸಿದರಾಯಿತು ಎಂದು ಯಾರೋ ಬರೆದಿದ್ದರು. ನಾಲ್ಕು ಫೋಟೊಗೆ ಸರಿ, 900ಕ್ಕೆ ಬೇಡ.

ಕ್ಯಾಮೆರಾದೊಳಗೆ ಫೋಟೊ ಇರುವ ಮೆಮೊರಿ ಕಾರ್ಡನ್ನೇ ಹೊರಗೆ ತೆಗೆ. ಯುಎಸ್‌ಬಿ 3.0 ಎಂದು ಬರೆದಿರುವ ಕಾರ್ಡ್ ರೀಡರ್ ಕೆಲವು ನೂರು ರೂಪಾಯಿಗೆ ಬರುತ್ತದೆ. ಅದನ್ನು ಲ್ಯಾಪ್‌ಟಾಪಿನ ಯಾವುದೋ ತೂತಿಗೆ ಸಿಕ್ಕಿಸಬೇಡ. ಒಳಗೆ ನೀಲಿ ಪಟ್ಟಿಯೋ ಪಕ್ಕದಲ್ಲಿ ಎಸ್‌ಎಸ್ ಎಂಬ ಗುರುತೋ ಇರುವುದನ್ನು ಹುಡುಕು. ಕಾರ್ಡಿನ ಮೇಲೆ ರೋಮನ್ ಒಂದು ಇದ್ದರೆ ಅದು ಯುಎಚ್‌ಎಸ್-1 ಎಂಬ ವೇಗದ ಬಗೆ, ಅದರ ಮಿತಿ ಸೆಕೆಂಡಿಗೆ 104 ಮೆಗಾಬೈಟ್. 80 ಬಂದರೂ ನಿನ್ನ ಗೃಹಪ್ರವೇಶ ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಕಾರ್ಡಿನ ಮೇಲೆ 170 ಎಂದು ದೊಡ್ಡದಾಗಿ ಬರೆದಿದ್ದರೂ ಸಾಮಾನ್ಯ ರೀಡರಿನಲ್ಲಿ ಆ ವೇಗ ಬರುವುದಿಲ್ಲ, ಅದಕ್ಕೆ ಆ ಕಂಪನಿಯದೇ ರೀಡರ್ ಬೇಕು. ಅಂಗಡಿಯವನು ಇದನ್ನು ಹೇಳುವುದಿಲ್ಲ.

ಇನ್ನೊಂದು ವಿಷಯ. ಒಂದೊಂದು ಫೋಟೊವನ್ನೂ ರಾ, ಜೆಪೆಗ್ ಎರಡರಲ್ಲೂ ತೆಗೆದಿದ್ದೀಯ. ರಾ ಎಂದರೆ ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ದೊಡ್ಡ ಫೈಲು, ಜೆಪೆಗ್ ಎಂದರೆ ಕುಗ್ಗಿಸಿದ ಚಿಕ್ಕ ಫೈಲು. ಹೋಮದ ಹೊಗೆಗೆ, ದೀಪದ ಬೆಳಕಿಗೆ ರಾ ಇರಲಿ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಹೋಳಿಗೆ ಮುರಿಯುವುದಕ್ಕೆ ರಾ ಏಕಪ್ಪಾ?

ಈಗ ಹೇಳುವುದನ್ನು ಮಾತ್ರ ಸರಿಯಾಗಿ ಕೇಳಿಸಿಕೋ. ಕಟ್ ಮಾಡಿ ಪೇಸ್ಟ್ ಮಾಡಬೇಡ, ಕಾಪಿ ಮಾಡು. ಮದುವೆಗೆ ಮುಂಚೆ ನಾನು ಸ್ಟುಡಿಯೊದಲ್ಲಿ ಆಲ್ಬಮ್ ಕೆಲಸ ಮಾಡುತ್ತಿದ್ದಾಗ, ಬೇಗ ಮುಗಿಸುವ ಆಸೆಗೆ ಒಂದು ಮದುವೆಯ ಕಾರ್ಡನ್ನು ಕಟ್ ಮಾಡಿದ್ದೆ. ಅರ್ಧದಲ್ಲಿ ಕರೆಂಟು ಹೋಯಿತು, ಆಮೇಲೆ ಕಾರ್ಡ್ ತೆರೆಯಲೇ ಇಲ್ಲ. ಕಳೆದದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ಎರಡು ರಾತ್ರಿ ಕುಳಿತೆ. ವರಪೂಜೆ ಸಿಕ್ಕಿತು, ಬೀಗರ ಊಟ ಸಿಕ್ಕಿತು, ಧಾರೆ ಸಿಗಲಿಲ್ಲ. ಹುಡುಗಿಯ ತಾಯಿ ಬಂದು ಬೈಯಲೂ ಇಲ್ಲ, ಸುಮ್ಮನೆ ಕುರ್ಚಿಯಲ್ಲಿ ಕುಳಿತಿದ್ದರು. ಆ ಕುರ್ಚಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಕಾಪಿಯಾದ ಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆ ನೋಡು, ನಡುನಡುವೆ ಹತ್ತು ಫೋಟೊ ತೆರೆದು ನೋಡು, ಇನ್ನೊಂದು ಡ್ರೈವ್‌ಗೂ ಹಾಕು. ಕಾರ್ಡನ್ನು ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಖಾಲಿ ಮಾಡು.

ಕೂಗಿತು ನೋಡು, ಮೂರನೆಯದು. ಹಾಲುಕ್ಕಿಸಿದ ಫೋಟೊ ಮೊದಲು ಕಳುಹಿಸು, ಅಮ್ಮ ಬೆಳಗಿನಿಂದ ಕೇಳುತ್ತಿದ್ದಾರೆ.